ಹಳೆಯ ರೀಲೋಡಿಂಗ್ ಪ್ರೆಸ್‌ಗೆ ಬಿಡಿಭಾಗ: ಯಾರ ಬಳಿ ಏನು ಸಿಗುತ್ತದೆ, ಯಾವುದಕ್ಕೆ ಕೈ ಹಾಕಬಾರದು

ಹಾರಿಸಿದ ತೋಟಾದ ಖಾಲಿ ಕೇಸನ್ನು ಮತ್ತೆ ತುಂಬುವ ಹಳೆಯ ರೀಲೋಡಿಂಗ್ ಪ್ರೆಸ್ ಕೊಳ್ಳಲು ಹೋದಾಗ ಮೊದಲು ನೋಡಬೇಕಾದ್ದು ಹಿಡಿ ಎಳೆದಾಗ ಮೇಲೆ ಕೆಳಗೆ ಚಲಿಸುವ ದಂಡವಾದ ರ‍್ಯಾಮಿನ ತುದಿ. ಚೌಕಟ್ಟು ಎರಕದ ಕಬ್ಬಿಣದ್ದು, ಬಿದ್ದು ಒಡೆಯದಿದ್ದರೆ ಮೂರು ತಲೆಮಾರು ಬಾಳುತ್ತದೆ. ಹಿಡಿ ಕಳೆದಿದ್ದರೆ ಲೇತ್ ಇರುವ ಯಾರಾದರೂ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಆದರೆ ರ‍್ಯಾಮಿನ ತುದಿಯಲ್ಲಿ ಕೂತು ಕೇಸಿನ ತಳ ಹಿಡಿಯುವ ಶೆಲ್ ಹೋಲ್ಡರ್ ಮತ್ತು ಅದರ ಪಕ್ಕಕ್ಕೆ ತೂಗುವ, ಕೇಪು ಕೂರಿಸುವ ಪ್ರೈಮರ್ ಆರ್ಮ್ ಯಾವ ಅಳತೆಯವು, ಅವು ಈಗಲೂ ಸಿಗುತ್ತವೆಯೇ ಎಂಬುದರ ಮೇಲೆ ಆ ಯಂತ್ರ ಮತ್ತೆ ದುಡಿಯುತ್ತದೋ ಮೂಲೆ ಸೇರುತ್ತದೋ ನಿಂತಿದೆ. ಬಿಡಿಭಾಗ ಒದಗಿಸುವವರನ್ನು ಈ ಒಂದೇ ಕಣ್ಣಿನಿಂದ ಇಲ್ಲಿ ತೂಗಿ ನೋಡಲಾಗಿದೆ: ಆ ಪುಟ್ಟ ಭಾಗಗಳ ನಕ್ಷೆ ಇವತ್ತು ಯಾರ ಕೈಯಲ್ಲಿದೆ?

ಕೇಪಿನ ಕೋವಿ, ತೋಟಾ ಕೋವಿ ಎಂಬ ಮಾತು ಕೇಳಿ ಬೆಳೆದವರಿಗೆ ಈ ಯಂತ್ರದ ಕೆಲಸ ಬೇಗ ತಲೆಗೆ ಹತ್ತುತ್ತದೆ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕೇಸಿನಿಂದ ಹಳೆಯ ಕೇಪನ್ನು (ಮದ್ದಿಗೆ ಬೆಂಕಿ ಹೊತ್ತಿಸುವ ಪ್ರೈಮರ್) ತಳ್ಳಿ ತೆಗೆಯಬೇಕು, ಹಿಗ್ಗಿದ ಕೇಸನ್ನು ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು, ಹೊಸ ಕೇಪು ಕೂರಿಸಬೇಕು, ಮದ್ದು ತುಂಬಿದ ಮೇಲೆ ಗುಂಡನ್ನು ಬಾಯಿಗೆ ಒತ್ತಬೇಕು. ಅಮೆರಿಕದಲ್ಲಿ ಇದು ಕಾನೂನಿನ ಚೌಕಟ್ಟಿನೊಳಗೆ ನಡೆಯುವ ಮನೆಯ ಹವ್ಯಾಸ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಅಲ್ಲಿ ಹತ್ತಾರು ಕಂಪನಿಗಳು ಈ ಪ್ರೆಸ್‌ಗಳನ್ನು ಮಾಡಿದವು. ಕೆಲವು ಇಂದಿಗೂ ಇವೆ, ಕೆಲವು ಇನ್ನೊಬ್ಬರ ಹೊಟ್ಟೆ ಸೇರಿವೆ, ಕೆಲವು ಗುರುತಿಲ್ಲದೆ ಹೋಗಿವೆ. ಅವು ಮಾಡಿದ ಯಂತ್ರಗಳು ಮಾತ್ರ ತೀರಿಕೊಂಡವರ ಸಾಮಾನು ಮಾರುವ ಎಸ್ಟೇಟ್ ಸೇಲ್‌ಗಳಲ್ಲಿ, ಗ್ಯಾರೇಜಿನ ಮೂಲೆಗಳಲ್ಲಿ ಇನ್ನೂ ಕೂತಿವೆ.

ಮೊದಲು ಎರಡು ಅಳತೆ

ಯಾರಿಗೂ ಫೋನ್ ಮಾಡುವ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಎರಡು ವಿಷಯ ಖಚಿತ ಮಾಡಿಕೊಳ್ಳಿ.

ಒಂದು, ಡೈ ಕೂರುವ ತೂತಿನ ಮರೆ, ಅಂದರೆ ತಿರುಪಿನ ಸುತ್ತುಗೆರೆ. ಇಂದಿನ ಪ್ರಮಾಣಿತ ಡೈ 7/8-14, ಅಂದರೆ ಹೊರವ್ಯಾಸ 22.2 ಮಿ.ಮೀ., ಇಂಚಿಗೆ 14 ಸುತ್ತು. ಹೊಸ ಡೈಯೊಂದನ್ನು ತೆಗೆದುಕೊಂಡು ಬೆರಳಿನಿಂದಲೇ ತಿರುಗಿಸಿ ನೋಡಿ. ನಾಲ್ಕೈದು ಸುತ್ತು ಸಲೀಸಾಗಿ ಹೋದರೆ ಆ ಚಿಂತೆ ಮುಗಿಯಿತು. ಲೈಮನ್ ಕಂಪನಿಯ ಟ್ರೂ-ಲೈನ್ ಜೂನಿಯರ್ ಪ್ರೆಸ್‌ನಲ್ಲಿ ಹೋಗುವುದಿಲ್ಲ. ಅದು 310 ಕೈ-ಇಕ್ಕಳದ ಚಿಕ್ಕ ಡೈಗಳನ್ನು ಬಳಸುತ್ತದೆ, ಅವುಗಳ ಮರೆ 5/8-30. ಹಾಲಿವುಡ್ ಪ್ರೆಸ್‌ನ ತೂತು ಒಂದೂವರೆ ಇಂಚಿನದು, ಒಳಗೆ 7/8-14ರ ಬುಷಿಂಗ್ ಇದ್ದರೆ ಮಾತ್ರ ಸಾಮಾನ್ಯ ಡೈ ಕೂರುತ್ತದೆ. ಕೊಳ್ಳುವಾಗ ಬುಷಿಂಗ್ ಇದೆಯೇ ಎಂದು ಕೇಳುವುದನ್ನು ಮರೆತರೆ ಮೊದಲ ಖರ್ಚು ಅದೇ. ರಾಕ್ ಚಕರ್‌ನಂಥ ದೊಡ್ಡ ಪ್ರೆಸ್‌ಗಳಲ್ಲೂ ಬಿಚ್ಚಬಹುದಾದ ಬುಷಿಂಗ್ ಇರುತ್ತದೆ, ಅದರ ಹೊರಮರೆ 1¼-12. ಯಾರೋ ದೊಡ್ಡ ಡೈಗೆಂದು ತೆಗೆದಿಟ್ಟು ಮರೆತಿರುತ್ತಾರೆ.

ಎರಡು, ಶೆಲ್ ಹೋಲ್ಡರ್ ಕೂರುವ ಬಗೆ. ರ‍್ಯಾಮಿನ ತುದಿಯಲ್ಲಿ ಇಂಗ್ಲಿಷ್ ಟಿ ಅಕ್ಷರದ ಆಕಾರದ ತೋಡು ಇದ್ದು, ಸುತ್ತಲೂ ತೆಳ್ಳನೆಯ ತಂತಿಯ ಸ್ಪ್ರಿಂಗ್ ಇದ್ದರೆ ಅದು ಇಂದಿನ ಹೆಚ್ಚಿನ ಕಂಪನಿಗಳು ಒಪ್ಪಿಕೊಂಡಿರುವ ಮಾದರಿ. ಹತ್ತು ಡಾಲರಿನ ಆಸುಪಾಸಿನಲ್ಲಿ ಹೊಸ ಹೋಲ್ಡರ್ ಸಿಗುತ್ತದೆ, ಪಕ್ಕಕ್ಕೆ ಜಾರಿಸಿದರೆ ಕೂರುತ್ತದೆ. ಆ ತಂತಿ ಕಳೆದಿದ್ದರೂ ಗಾಬರಿ ಬೇಡ, ಅದು ಬಿಡಿಯಾಗಿ ಸಿಗುವ ಭಾಗ. ತುದಿಯಲ್ಲಿ ಬರೀ ಗುಂಡನೆಯ ತೂತಿದ್ದು, ಪಕ್ಕದಲ್ಲೊಂದು ಸೆಟ್ ಸ್ಕ್ರೂ ಇದ್ದರೆ ಅದು ಹಳೆಯ ಕಾಲದ ಕ್ರಮ. ಅಂಥದ್ದರಲ್ಲಿ ಹೋಲ್ಡರಿನ ತಲೆಯೇ ಬೇರೆ ತುಂಡು. ಕೆಲವಕ್ಕೆ ಪ್ರಮಾಣಿತ ಹೋಲ್ಡರ್ ಹಿಡಿಯುವ ತಲೆ ಸಿಗುತ್ತದೆ, ಕೆಲವಕ್ಕೆ ಸಿಗುವುದಿಲ್ಲ. ಈ ವ್ಯತ್ಯಾಸವೇ ಮುಂದಿನ ಎಲ್ಲ ಖರ್ಚನ್ನೂ ತೀರ್ಮಾನಿಸುತ್ತದೆ.

ಹೋಲ್ಡರಿನ ನಂಬರ್ ನಂಬಿ ಮೋಸಹೋಗುವವರೂ ತುಂಬ. ಒಂದೇ .30-06 ಅಳತೆಯ ರೈಫಲ್ ಕೇಸಿಗೆ ಆರ್‌ಸಿಬಿಎಸ್ 3 ಎನ್ನುತ್ತದೆ, ಲೈಮನ್ ಮತ್ತು ಲೀ 2 ಎನ್ನುತ್ತವೆ, ಹಾರ್ನಡಿ ಮತ್ತು ರೆಡಿಂಗ್ 1 ಎನ್ನುತ್ತವೆ. .223ಕ್ಕೆ ಆರ್‌ಸಿಬಿಎಸ್‌ನದು 10, ಲೈಮನ್‌ದು 26, ಹಾರ್ನಡಿಯದು 16, ಲೀಯದು 4. ಡಬ್ಬಿಯಲ್ಲಿ ಬರೀ ನಂಬರ್ ಕೊರೆದ, ಕಂಪನಿಯ ಹೆಸರಿಲ್ಲದ ಹೋಲ್ಡರ್ ಸಿಕ್ಕರೆ ಕೇಸು ಹಾಕಿ ನೋಡಿಯೇ ತಿಳಿಯಬೇಕು. ಪ್ರಮಾಣಿತ ಹೋಲ್ಡರಿನಲ್ಲಿ ಕೇಸಿನ ತಳ ಕೂರುವ ಮಟ್ಟದಿಂದ ಮೇಲಿನ ಅಂಚಿನವರೆಗೆ 0.125 ಇಂಚು, ಅಂದರೆ 3.18 ಮಿ.ಮೀ. ಇರುತ್ತದೆ. ಈ ಎತ್ತರ ತಪ್ಪಿದ ಹೋಲ್ಡರ್ ಬಳಸಿದರೆ ಕೇಸು ಡೈಯೊಳಗೆ ಎಷ್ಟು ಹೋಗಬೇಕೋ ಅದಕ್ಕಿಂತ ಹೆಚ್ಚೋ ಕಡಿಮೆಯೋ ಹೋಗಿ ಅದರ ಭುಜದ (ಕುತ್ತಿಗೆಯ ಕೆಳಗಿನ ಇಳಿಜಾರಿನ) ಅಳತೆ ಕೆಡುತ್ತದೆ. ಯಾರೋ ಉಜ್ಜಿ ತೆಳ್ಳಗೆ ಮಾಡಿದ ಹಳೆಯ ಹೋಲ್ಡರ್‌ಗಳು ಮಾರುಕಟ್ಟೆಯಲ್ಲಿವೆ, ಆದ್ದರಿಂದ ಹಳೆಯದನ್ನು ಅಳೆಯದೆ ಬಳಸಬೇಡಿ.

ಆರ್‌ಸಿಬಿಎಸ್

1943ರಲ್ಲಿ ಫ್ರೆಡ್ ಹಂಟಿಂಗ್ಟನ್ ಶುರುಮಾಡಿದ, ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಬೆಳೆದ ಕಂಪನಿ. ಇದರ ಹಸಿರು ಪ್ರೆಸ್‌ಗಳೇ ಹಳೆಯ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಕಾಣುವಂಥವು: ಜೂನಿಯರ್, ರಾಕ್ ಚಕರ್, ಭಾರೀ ಎ-2. ಬಿಡಿಭಾಗ ಕೇಳಿದವರಿಗೆ ಧಾರಾಳವಾಗಿ ಕಳಿಸಿಕೊಡುವ ಹೆಸರು ಇದಕ್ಕೆ ದಶಕಗಳಿಂದ ಇದೆ. ಆ ಹೆಸರು ಗಳಿಸಿದ್ದೇ ಹೊರತು ಹೇಳಿಕೊಂಡಿದ್ದಲ್ಲ. ಆದರೂ ಎಲ್ಲವೂ ಪುಕ್ಕಟೆ ಬರುತ್ತದೆ ಎಂದು ಲೆಕ್ಕ ಹಾಕಿ, ಅರ್ಧ ಭಾಗ ಕಳೆದ ಪ್ರೆಸ್ಸನ್ನು ಪೂರ್ತಿ ಬೆಲೆಗೆ ಕೊಳ್ಳುವುದು ತಪ್ಪು. ಭಾಗದ ಬೆಲೆ ಸೇರಿಸಿಯೇ ಲೆಕ್ಕ ಹಾಕಿ.

ರಾಕ್ ಚಕರ್ ಹಲವು ಸಲ ಬದಲಾಗಿದೆ. ಮೊದಲಿನದು, ಎರಡನೆಯದು, ಆಮೇಲೆ ಬಂದ ಹೆಚ್ಚು ಎತ್ತರದ ಬಾಯಿಯ ಸುಪ್ರೀಂ, ಹೀಗೆ. "ರಾಕ್ ಚಕರ್‌ಗೆ ಲಿಂಕ್ ಬೇಕು" ಎಂದಷ್ಟೇ ಬರೆದರೆ ತಪ್ಪು ಭಾಗ ಬರುವ ಸಾಧ್ಯತೆಯೇ ಹೆಚ್ಚು. ಬರೆಯಬೇಕಾದ್ದು ಇಷ್ಟು: ಎರಕದ ಮೇಲಿರುವ ಅಕ್ಷರಗಳು ಇದ್ದ ಹಾಗೆಯೇ, ಚೌಕಟ್ಟಿನ ಬಾಯಿಯ ಎತ್ತರ, ರ‍್ಯಾಮಿನ ವ್ಯಾಸ, ಪಿನ್ನಿನ ವ್ಯಾಸ, ಲಿಂಕಿನ (ಹಿಡಿಯ ಎಳೆತವನ್ನು ಮುಟ್ಟಿಸುವ ಪಟ್ಟಿ) ಎರಡು ತೂತುಗಳ ನಡುವಿನ ಅಂತರ, ಜೊತೆಗೆ ಸ್ಕೇಲ್ ಪಕ್ಕದಲ್ಲಿಟ್ಟು ತೆಗೆದ ಎರಡು ಫೋಟೋ. ಇಷ್ಟು ಕೊಟ್ಟರೆ ಎದುರಿಗಿರುವವರ ಕೆಲಸವೂ ಹಗುರ, ನಿಮ್ಮದೂ ಹಗುರ.

ಹೆಚ್ಚಾಗಿ ಕಳೆದಿರುವುದು ಪ್ರೈಮರ್ ಆರ್ಮ್. ಅದನ್ನು ಹತ್ತಿರದಿಂದ ನೋಡಿದರೆ ನಾಲ್ಕು ತುಂಡು: ಕೊಕ್ಕೆಯಂತೆ ಬಾಗಿದ ಎರಕದ ತೋಳು, ಅದರ ತುದಿಗೆ ತಿರುಪಿ ಕೂರುವ ಕಡ್ಡಿ, ಆ ಕಡ್ಡಿಯ ಮೇಲೆ ಜಾರುವ ಸಣ್ಣ ಟೋಪಿ, ಟೋಪಿಯ ಕೆಳಗೊಂದು ಸ್ಪ್ರಿಂಗ್. ರ‍್ಯಾಮ್ ಮೇಲಿರುವಾಗ ಟೋಪಿಯೊಳಗೆ ಕೇಪನ್ನು ಇಟ್ಟು, ತೋಳನ್ನು ರ‍್ಯಾಮಿನ ಸೀಳಿನೊಳಗೆ ತಳ್ಳಿ, ರ‍್ಯಾಮನ್ನು ಇಳಿಸಿದಾಗ ಕೇಸು ಕೇಪಿನ ಮೇಲೆ ಬಂದು ಕೂರುತ್ತದೆ. ದೊಡ್ಡ ಕೇಪಿನ ವ್ಯಾಸ 0.210 ಇಂಚು, ಚಿಕ್ಕದರದು 0.175. ಕಡ್ಡಿ, ಟೋಪಿ ಎರಡನ್ನೂ ಜೋಡಿಯಾಗಿ ಬದಲಿಸಬೇಕು. ಹಳೆಯ ಪ್ರೆಸ್‌ಗಳಲ್ಲಿ ದೊಡ್ಡ ಟೋಪಿಯೊಳಗೆ ಚಿಕ್ಕ ಕಡ್ಡಿ ಸೇರಿಕೊಂಡಿರುವುದು ಮಾಮೂಲು. ಆಗ ಕೇಪು ಓರೆಯಾಗಿ ಹೋಗಿ ನಡುವಿನಲ್ಲಿ ಗುಳಿ ಬೀಳುತ್ತದೆ. ಸ್ಪ್ರಿಂಗ್ ಸೋತಿದ್ದರೆ ಟೋಪಿ ಮೇಲೇಳುವುದಿಲ್ಲ, ಕೇಪು ಅಂಚಿನ ಮೇಲೆ ಮಲಗುತ್ತದೆ. ಎಷ್ಟೋ ಸಲ ಸ್ಪ್ರಿಂಗ್ ಸೋತಿರುವುದೇ ಇಲ್ಲ, ಟೋಪಿಯ ಒಳಗೆ ಎಣ್ಣೆ ಮತ್ತು ಕಪ್ಪು ಮಸಿ ಸೇರಿ ಮೇಣದಂತೆ ಗಟ್ಟಿಯಾಗಿರುತ್ತದೆ. ಸಾಲ್ವೆಂಟಿನಲ್ಲಿ ಒಂದು ರಾತ್ರಿ ನೆನೆಸಿದರೆ ಸಾಕು, ಹೊಸ ಭಾಗ ಬೇಡ.

ಆ ಮಸಿಯ ಬಗ್ಗೆ ಒಂದು ಮಾತು. ಹಾರಿದ ಕೇಪಿನ ಮಸಿಯಲ್ಲಿ ಸೀಸ ಇರುತ್ತದೆ. ಹಳೆಯ ಪ್ರೆಸ್ಸನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಬೇಡಿ, ಗಾಳಿ ಹೊಡೆದು ಧೂಳು ಎಬ್ಬಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಬೇರೆ ಚೀಲಕ್ಕೆ ಹಾಕಿ. ಮಕ್ಕಳಿರುವ ಮನೆಯಲ್ಲಿ ಇದು ಕಡ್ಡಾಯ.

ಇನ್ನೊಂದು ಪ್ರೆಸ್ಸಿನ ತೋಳು ಇದಕ್ಕೆ ಬರುತ್ತದೆಯೇ ಎಂದು ನೋಡಲು ಮೂರೇ ಅಳತೆ: ತಿರುಗುವ ಪಿನ್ನಿನ ನಡುವಿನಿಂದ ಕಡ್ಡಿಯ ನಡುವಿಗೆ ಇರುವ ದೂರ, ತೋಳಿನ ದಪ್ಪ, ಪಿನ್ನಿನ ವ್ಯಾಸ. ಮೊದಲನೆಯದು ಅರ್ಧ ಮಿ.ಮೀ. ತಪ್ಪಿದರೂ ಕೇಪು ಕೇಸಿನ ತಳದ ಗುಳಿಯ ಅಂಚಿಗೆ ಬಡಿಯುತ್ತದೆ. ಬರುವುದಿಲ್ಲ ಎಂದಾದರೆ ತೋಳನ್ನು ಬಗ್ಗಿಸಿ ಹೊಂದಿಸಲು ಹೋಗಬೇಡಿ. ಕೈಯಲ್ಲಿ ಹಿಡಿದು ಕೇಪು ಕೂರಿಸುವ ಬೇರೆಯೇ ಉಪಕರಣ ಕೊಂಡು, ಪ್ರೆಸ್ಸನ್ನು ಉಳಿದ ಕೆಲಸಕ್ಕೆ ಬಳಸಿದರೆ ಹಣವೂ ಉಳಿಯುತ್ತದೆ, ಕೆಲಸವೂ ಚೊಕ್ಕಟ.

ಎಂಇಸಿ

ಶಾಟ್‌ಗನ್ ತೋಟಾಗಳ ಪ್ರೆಸ್ ಬೇಕಾದವರಿಗೆ ಇದಕ್ಕಿಂತ ನೆಮ್ಮದಿಯ ಹಳೆಯ ಯಂತ್ರ ಇನ್ನೊಂದಿಲ್ಲ. ವಿಸ್ಕಾನ್ಸಿನ್‌ನ ಮೇವಿಲ್ ಎಂಬ ಊರಿನ ಕಂಪನಿ ಇದು. 600 ಜೂನಿಯರ್, ಸೈಜ್‌ಮಾಸ್ಟರ್, ಗ್ರ್ಯಾಬರ್, 9000 ಇವುಗಳ ಬಿಡಿಸಿಟ್ಟ ಚಿತ್ರಗಳಲ್ಲಿ ಪ್ರತಿ ತಿರುಪಿಗೂ ನಂಬರಿದೆ, ಆ ನಂಬರ್ ಹೇಳಿದರೆ ಭಾಗ ಬರುತ್ತದೆ. ಸವೆಯುವ ಭಾಗಗಳೂ ಗೊತ್ತಿರುವಂಥವೇ. ಮದ್ದಿಗೂ ಚರೆಗೂ ನಡುವೆ ಕೂರುವ ವಾಡ್ ಅನ್ನು ತೋಟಾದ ಬಾಯಿಗೆ ದಾರಿ ತೋರಿಸುವ ಪ್ಲಾಸ್ಟಿಕ್ ಬೆರಳುಗಳು ವರ್ಷಗಳು ಕಳೆದಂತೆ ಸೀಳುತ್ತವೆ. ಸೀಳಿದ ಬೆರಳು ತೋಟಾದ ಬಾಯನ್ನು ಒಳಗೆ ಮಡಚುತ್ತದೆ, ಜನ ಅದನ್ನು ಕ್ರಿಂಪ್, ಅಂದರೆ ಬಾಯಿ ಮಡಚಿ ಮುಚ್ಚುವ ದೋಷ ಎಂದುಕೊಂಡು ಡೈ ತಿರುಗಿಸುತ್ತಾ ಕೂರುತ್ತಾರೆ. ಮೊದಲು ಬೆರಳು ನೋಡಿ. ಮೂರು ಜೊತೆ ತಂದಿಟ್ಟುಕೊಳ್ಳುವುದು ಒಳ್ಳೆಯದು, ಅಂಚೆ ಖರ್ಚು ಒಂದೇ.

ಕ್ರಿಂಪ್ ಶುರುಮಾಡುವ ಭಾಗ ಆರು ಮಡಿಕೆಯದು, ಎಂಟು ಮಡಿಕೆಯದು ಎಂದು ಎರಡು ಬಗೆ. ನಿಮ್ಮ ಖಾಲಿ ತೋಟಾದ ಬಾಯಲ್ಲಿ ಎಷ್ಟು ಮಡಿಕೆ ಇದೆಯೋ ಅದೇ ಬೇಕು. ಕೊಳ್ಳುವ ಮುನ್ನ ಗೇಜ್ (ನಳಿಗೆಯ ಅಳತೆ) ಕೇಳಿ. 20 ಗೇಜಿನ ಪ್ರೆಸ್ಸನ್ನು ಅಗ್ಗಕ್ಕೆ ತಂದು 12ಕ್ಕೆ ಬದಲಿಸಲು ಹೊರಟರೆ ಡೈಗಳ ಸೆಟ್ಟೇ ಬೇಕಾಗುತ್ತದೆ, ಆ ದುಡ್ಡಿಗೆ 12 ಗೇಜಿನ ಹಳೆಯ ಪ್ರೆಸ್ಸೇ ಬರುತ್ತದೆ.

ಇದೇ ಬಗೆಯ ಯಂತ್ರ ಮಾಡುವ ಐಡಾಹೋದ ರಾಥ್‌ಡ್ರಮ್‌ನ ಪಾನ್ಸ್‌ನೆಸ್-ವಾರೆನ್ ಪ್ರೆಸ್‌ಗಳೂ ಗಟ್ಟಿಮುಟ್ಟು. ಟೆಕ್ಸನ್ ಎಂಬ ಹೆಸರಿನವು ಕಣ್ಣಿಗೆ ಚೆಂದ, ಆದರೆ ಕಂಪನಿಯೇ ಇಲ್ಲ. ಭಾಗಕ್ಕೆ ಇನ್ನೊಂದು ಸತ್ತ ಟೆಕ್ಸನ್ನನ್ನೇ ಕೊಳ್ಳಬೇಕು.

ಲೈಮನ್, ಪೆಸಿಫಿಕ್, ಬೊನಾಂಜಾ

ಲೈಮನ್ 1878ರ ಹಳೆಯ ಮನೆತನ, ಕನೆಕ್ಟಿಕಟ್‌ನದು. 1925ರಲ್ಲಿ ಐಡಿಯಲ್ ಕಂಪನಿಯನ್ನು ಕೊಂಡಾಗ ಬಂದ ಇಕ್ಕಳದ ವಂಶದ್ದೇ 310. ಅದರ ಡೈಗಳು ಹಳೆಯ ಮಾರುಕಟ್ಟೆಯಲ್ಲಿ ಧಾರಾಳ. ಸ್ಪಾರ್-ಟಿ ಎಂಬ ಆರು ತೂತಿನ ತಿರುಗುತಲೆಯ ಪ್ರೆಸ್ ಕೊಳ್ಳುವುದಾದರೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ನಡುವಿನ ಬೋಲ್ಟ್ ಬಿಗಿಮಾಡಿದರೂ ಅಲ್ಲಾಟ ನಿಲ್ಲದಿದ್ದರೆ ಕೂರುವ ಮೈ ಸವೆದಿದೆ ಎಂದರ್ಥ. ಅದು ಬಿಡಿಭಾಗದಿಂದ ಸರಿಹೋಗುವುದಲ್ಲ.

ಪೆಸಿಫಿಕ್ ಹೆಸರಿನ ಪ್ರೆಸ್‌ಗಳನ್ನು ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನ ಹಾರ್ನಡಿ ತನ್ನದಾಗಿಸಿಕೊಂಡಿತು. ಕೊನೆಕೊನೆಯ ಪೆಸಿಫಿಕ್ ಮಾದರಿಗಳು ಹಾರ್ನಡಿ ಹೆಸರಿನಲ್ಲೇ ಮುಂದುವರಿದದ್ದರಿಂದ ಕೇಳಿದರೆ ಉತ್ತರ ಸಿಗುವ ಆಸೆ ಇದೆ. ಅದಕ್ಕೂ ಹಳೆಯವು, ಸಿ ಆಕಾರದ ಬಾಯಿಯವು, ಸೆಟ್ ಸ್ಕ್ರೂ ತಲೆಯವು, ಹುಡುಕಾಟದ ವಸ್ತುಗಳೇ.

ಬೊನಾಂಜಾದ ಕೋ-ಆಕ್ಸ್ ಪ್ರೆಸ್ ಇವೆಲ್ಲಕ್ಕಿಂತ ಬೇರೆ. ಇದರಲ್ಲಿ ಶೆಲ್ ಹೋಲ್ಡರೇ ಇಲ್ಲ. ಎರಡು ದವಡೆಗಳು ಸ್ಪ್ರಿಂಗಿನ ಬಲದಿಂದ ಕೇಸಿನ ಅಂಚನ್ನು ಹಿಡಿಯುತ್ತವೆ, ಡೈಯನ್ನು ತಿರುಪಬೇಕಿಲ್ಲ, ಅದರ ಮೇಲೆ ಬಿಗಿದ ಲಾಕ್ ರಿಂಗ್ ಸಮೇತ ಸೀಳಿನೊಳಗೆ ಜಾರಿಸಿದರೆ ಸಾಕು. ಈ ವಿನ್ಯಾಸ ಇಲಿನಾಯ್‌ನ ಲನಾರ್ಕ್‌ನಲ್ಲಿರುವ ಫಾರ್ಸ್ಟರ್ ಕಂಪನಿಗೆ ಹೋಯಿತು, ಅವರು ಕೋ-ಆಕ್ಸ್ ಮಾಡುತ್ತಲೇ ಬಂದಿದ್ದಾರೆ. ಆದ್ದರಿಂದ ಹಳೆಯ ಬೊನಾಂಜಾ ಸಿಕ್ಕರೆ ಬಿಡಬೇಡಿ. ದವಡೆಗಳಲ್ಲಿ ಎಸ್, ಎಲ್‌ಎಸ್ ಎಂಬ ಎರಡು ಗಾತ್ರ, ಹೆಚ್ಚಿನ ಕೇಸುಗಳಿಗೆ ಎಸ್ ಸಾಕು. ಡೈಯ ಲಾಕ್ ರಿಂಗ್ ಮಾತ್ರ ಸರಿಯಾದ ದಪ್ಪ, ಅಗಲದ್ದಿರಬೇಕು. ಫಾರ್ಸ್ಟರ್, ಹಾರ್ನಡಿ ರಿಂಗ್‌ಗಳು ಒಗ್ಗುತ್ತವೆ, ಲೀ ಡೈಗಳ ಜೊತೆ ಬರುವ ರಬ್ಬರ್ ಉಂಗುರದ್ದು ಒಗ್ಗುವುದಿಲ್ಲ.

ಈ ಪ್ರೆಸ್ ಇನ್ನೊಂದು ಸಂಗತಿಯನ್ನೂ ಕಣ್ಣಿಗೆ ತೋರಿಸುತ್ತದೆ. ಅದರಲ್ಲಿ ಕೇಸೂ ಡೈಯೂ ಬೇಕೆಂದೇ ಸಡಿಲ, ಎರಡೂ ತಾವಾಗಿ ಒಂದೇ ಗೆರೆಗೆ ಬರುತ್ತವೆ. ಹಾಗಾಗಿ ಹಳೆಯ ಪ್ರೆಸ್ಸಿನ ರ‍್ಯಾಮ್ ಸ್ವಲ್ಪ ಅಲ್ಲಾಡಿದರೆ ಅದನ್ನು ದೋಷ ಎಂದುಕೊಂಡು ಬುಷ್ ಹಾಕಿಸಲು ದುಡ್ಡು ಸುರಿಯಬೇಡಿ. ಕೇಸನ್ನು ನಡುವಿಗೆ ತರುವುದು ಡೈಯ ಬಾಯಿಯೇ.

ಹರ್ಟರ್ಸ್

ಇಲ್ಲಿ ನಿಧಾನಿಸಬೇಕು, ಏಕೆಂದರೆ ಹೊಸಬರು ಎಡವುವುದು ಇಲ್ಲೇ. ಮಿನ್ನೆಸೋಟದ ವಸೀಕಾದಿಂದ ದಪ್ಪ ಕ್ಯಾಟಲಾಗ್ ಕಳಿಸಿ ಅಂಚೆಯಲ್ಲೇ ಎಲ್ಲವನ್ನೂ ಮಾರುತ್ತಿದ್ದ ಕಂಪನಿ ಹರ್ಟರ್ಸ್. ಅದರ ಪ್ರೆಸ್‌ಗಳ ಎರಕ ಅದ್ಭುತ, ತೂಕ ನೋಡಿದರೇ ಗೌರವ ಬರುತ್ತದೆ, ಬೆಲೆಯೂ ಕಡಿಮೆ. ಕಡಿಮೆ ಇರುವುದಕ್ಕೆ ಕಾರಣ ಶೆಲ್ ಹೋಲ್ಡರ್. ಹಳೆಯ ಹರ್ಟರ್ಸ್ ರ‍್ಯಾಮ್ ತನ್ನದೇ ಅಳತೆಯ ಹೋಲ್ಡರನ್ನು ಕೇಳುತ್ತದೆ, ಇಂದಿನ ಪ್ರಮಾಣಿತ ಹೋಲ್ಡರ್ ಅದರಲ್ಲಿ ನಿಲ್ಲುವುದಿಲ್ಲ. ಮೂಲ ಕಂಪನಿ ಹೋಗಿ ದಶಕಗಳಾದವು. ಹೆಸರು ಮಾತ್ರ ಬೇರೆಯವರ ಕೈಯಲ್ಲಿ ಬೇರೆ ಸರಕುಗಳ ಮೇಲೆ ಕಾಣುತ್ತದೆ, ಅವರಿಗೆ ಫೋನ್ ಮಾಡಿ ಪ್ರೆಸ್ಸಿನ ಭಾಗ ಕೇಳಿ ಪ್ರಯೋಜನವಿಲ್ಲ.

ದಾರಿ ಎರಡು. ನಿಮಗೆ ಬೇಕಾದ ಕ್ಯಾಲಿಬರಿನ (ಗುಂಡಿನ ಅಳತೆಯ) ಹರ್ಟರ್ಸ್ ಹೋಲ್ಡರ್ ಜೊತೆಗೇ ಬರುವ ಪ್ರೆಸ್ಸನ್ನಷ್ಟೇ ಕೊಳ್ಳುವುದು, ಇಲ್ಲವೇ ಹರ್ಟರ್ಸ್ ರ‍್ಯಾಮಿನಲ್ಲಿ ಕೂತು ಮೇಲೆ ಪ್ರಮಾಣಿತ ಹೋಲ್ಡರ್ ಹಿಡಿಯುವ ಅಡಾಪ್ಟರ್ ಹುಡುಕುವುದು. ಅಡಾಪ್ಟರ್ ಹಳೆಯ ಮಾರುಕಟ್ಟೆಯಲ್ಲಿ ಆಗಾಗ ಕಾಣುತ್ತದೆ. ಯಂತ್ರದ ಕೆಲಸ ಬಲ್ಲವರು ಮಾಡಿಯೂ ಕೊಡುತ್ತಾರೆ. ಆದರೆ ಅದು ಎತ್ತರವನ್ನು ಬದಲಿಸುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಅಡಾಪ್ಟರಿನಿಂದ ಹೋಲ್ಡರ್ 6 ಮಿ.ಮೀ. ಮೇಲೆ ಬಂತೆನ್ನಿ. 7/8-14 ಮರೆಯಲ್ಲಿ ಒಂದು ಸುತ್ತಿಗೆ 1.81 ಮಿ.ಮೀ., ಹಾಗಾಗಿ ಡೈಯನ್ನು ಮೂರು ಸುತ್ತಿಗಿಂತ ಹೆಚ್ಚು ಮೇಲೆತ್ತಬೇಕು. ಅಷ್ಟು ಎತ್ತಿದ ಮೇಲೂ ಡೈಯ ಮರೆ ಚೌಕಟ್ಟಿನಲ್ಲಿ ಸಾಕಷ್ಟು ಕಚ್ಚಿಕೊಂಡಿದೆಯೇ, ಲಾಕ್ ರಿಂಗಿಗೆ ಜಾಗ ಇದೆಯೇ ನೋಡಿ. ಕೇಪು ಕೂರಿಸುವ ಕಡ್ಡಿಯೂ ಅದೇ 6 ಮಿ.ಮೀ. ಗಿಡ್ಡವಾಗಿಬಿಡುತ್ತದೆ, ಉದ್ದದ ಕಡ್ಡಿ ಮಾಡಿಸಬೇಕು ಇಲ್ಲವೇ ಕೇಪನ್ನು ಬೇರೆ ಉಪಕರಣದಲ್ಲಿ ಕೂರಿಸಬೇಕು. ಹಳೆಯ ಕೇಪು ಕೆಳಗೆ ಬೀಳುವ ತೂತು ಅಡಾಪ್ಟರಿನ ನಡುವಿನಲ್ಲೂ ಇರಬೇಕು. ಅದನ್ನು ಮರೆತು ಮಾಡಿಸಿದ ಅಡಾಪ್ಟರ್‌ನಲ್ಲಿ ಮೊದಲ ಕೇಪೇ ಒಳಗೆ ಸಿಕ್ಕಿಕೊಳ್ಳುತ್ತದೆ.

ವಿಚಿತ್ರ ಅಳತೆಯ ಹೋಲ್ಡರ್, ಡೈಗಳಿಗೆ ಓಹಾಯೋದ ಮೌಂಟ್ ವರ್ನನ್‌ನ ಸಿಎಚ್4ಡಿ ಹೆಸರಾದದ್ದು. ಹಳೆಯ ಸಿ-ಎಚ್ ಪ್ರೆಸ್‌ಗಳ ಪರಂಪರೆ ಅವರದೇ. ಅಪರೂಪದ ಕ್ಯಾಲಿಬರಿನವರು ಹರ್ಟರ್ಸ್‌ಗಿಂತ ಮೊದಲು ಆ ಹೆಸರಿನ ಸರಕು ಹುಡುಕುವುದು ವಾಸಿ.

ಡಿಲ್ಲನ್ ಮತ್ತು ಸ್ಟಾರ್

ಒಮ್ಮೆ ಹಿಡಿ ಎಳೆದರೆ ಒಂದು ತೋಟಾ ಸಿದ್ಧವಾಗುವ ಪ್ರೊಗ್ರೆಸಿವ್ ಪ್ರೆಸ್‌ಗಳಲ್ಲಿ ಅರಿಜೋನಾದ ಡಿಲ್ಲನ್ನಿನ 550 ಎರಡನೇ ಕೈಯಲ್ಲಿ ಕೊಂಡರೂ ಧೈರ್ಯವಾಗಿರಬಹುದು. ಕಂಪನಿಯ ಜೀವಿತಾವಧಿ ಖಾತರಿ ಅದರ ದೊಡ್ಡ ಬಲ. ಸ್ಕ್ವೇರ್ ಡೀಲ್ ಬಿ ಎಂಬ ಚಿಕ್ಕ ಯಂತ್ರವೂ ಒಳ್ಳೆಯದೇ, ಆದರೆ ಅದರ ಡೈ ಅದಕ್ಕೇ ಮೀಸಲು, ನಿಮ್ಮಲ್ಲಿರುವ 7/8-14 ಡೈ ಅದಕ್ಕೆ ಬರುವುದಿಲ್ಲ.

ಸ್ಯಾನ್ ಡಿಯೇಗೊದ ಸ್ಟಾರ್ ಯಂತ್ರಗಳು ಗಡಿಯಾರದಷ್ಟು ನಾಜೂಕು. ಗುರಿಕಾರರು .38 ಸ್ಪೆಷಲ್‌ಗೆಂದು ಬಳಸಿದವೇ ಹೆಚ್ಚು, ಬೇರೆ ಕ್ಯಾಲಿಬರಿಗೆ ಬದಲಿಸುವುದು ದುಬಾರಿ. ಇಂಥ ಎಲ್ಲ ಯಂತ್ರಗಳಲ್ಲೂ ಕೇಪುಗಳು ಸಾಲಾಗಿ ನಿಲ್ಲುವ ಕೊಳವೆ, ಅದರ ಹೊರಗಿನ ರಕ್ಷಾಕವಚ, ಇವನ್ನು ಎಂದಿಗೂ ಮನೆಯಲ್ಲಿ ಮಾಡಿಕೊಳ್ಳಬೇಡಿ. ಒಂದು ಕೇಪು ಸಿಡಿದರೆ ಕೊಳವೆಯಲ್ಲಿರುವ ಎಲ್ಲವೂ ಸಿಡಿಯುತ್ತವೆ. ಕಂಪನಿಯ ಕವಚ ಇಲ್ಲದಿದ್ದರೆ ಆ ಯಂತ್ರದ ಕೇಪಿನ ವ್ಯವಸ್ಥೆಯನ್ನೇ ಬಿಟ್ಟುಬಿಡಿ.

ತಿರುಪು, ಸ್ಪ್ರಿಂಗ್, ಕ್ಲಿಪ್

ಅರ್ಧಕ್ಕರ್ಧ ಹುಡುಕಾಟ ಪ್ರೆಸ್ ಕಂಪನಿಗೆ ಸಂಬಂಧಿಸಿದ್ದೇ ಅಲ್ಲ. ಇ-ಕ್ಲಿಪ್, ಡವೆಲ್ ಪಿನ್, ಸ್ಪ್ರಿಂಗ್, ಸೆಟ್ ಸ್ಕ್ರೂ ಇವೆಲ್ಲ ಕೈಗಾರಿಕಾ ಸಾಮಾನು. ಅಮೆರಿಕದಲ್ಲಿ ಮೆಕ್‌ಮಾಸ್ಟರ್-ಕಾರ್ ಇದಕ್ಕೆ ಅತ್ಯುತ್ತಮ. ಪ್ರತಿ ವಸ್ತುವಿಗೂ ಅಳತೆ ಸಮೇತ ನಕ್ಷೆ ಇರುತ್ತದೆ, ಬರುವುದು ಬೇಗ. ಒಂದೇ ಒಂದು ಕ್ಲಿಪ್ ಬೇಕೆಂದರೆ ಪೊಟ್ಟಣವನ್ನೇ ಕೊಳ್ಳಬೇಕಾಗುತ್ತದೆ, ಅದಷ್ಟೇ ಕೊರತೆ.

ತಿರುಪಿನ ವಿಷಯದಲ್ಲಿ ಎಚ್ಚರ. ಈ ಪ್ರೆಸ್‌ಗಳೆಲ್ಲ ಇಂಚಿನ ಲೆಕ್ಕದವು. 10-32 ತಿರುಪಿನ ವ್ಯಾಸ 4.83 ಮಿ.ಮೀ., ಒಂದು ಸುತ್ತಿಗೆ 0.794 ಮಿ.ಮೀ. ನಮ್ಮ ಎಂ5 ತಿರುಪಿಗೆ 5 ಮಿ.ಮೀ., 0.8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಎಂ5 ಒಂದೆರಡು ಸುತ್ತು ಬಿಗಿಯಾಗಿ ಹೋಗುತ್ತದೆ, ತುಕ್ಕು ಹಿಡಿದಿರಬೇಕು ಎಂದುಕೊಂಡು ಇನ್ನಷ್ಟು ಒತ್ತಿ ತಿರುಗಿಸಿದರೆ ಎರಕದೊಳಗಿನ ಮರೆ ಪುಡಿಯಾಗುತ್ತದೆ. ಇಂಚಿಗೆ 20 ಸುತ್ತಿನ ಕಾಲಿಂಚು ತಿರುಪಿನ ಜಾಗಕ್ಕೆ ಎಂ6 ಹಾಕುವುದೂ ಇದೇ ತಪ್ಪು. ಹಳೆಯ ಪ್ರೆಸ್‌ನಲ್ಲಿ ತಿರುಪು ಬೆರಳಿನಿಂದ ಮೂರು ಸುತ್ತು ಹೋಗದಿದ್ದರೆ ಸ್ಪ್ಯಾನರ್ ಕೆಳಗಿಡಿ.

ಸ್ಪ್ರಿಂಗಿಗೆ ನಾಲ್ಕು ಅಳತೆ: ತಂತಿಯ ದಪ್ಪ, ಹೊರವ್ಯಾಸ, ಒತ್ತದೆ ಇದ್ದಾಗಿನ ಉದ್ದ, ಸುರುಳಿಗಳ ಸಂಖ್ಯೆ. ಇವುಗಳಲ್ಲಿ ತಂತಿಯ ದಪ್ಪವೇ ದೊರೆ. ಸ್ಪ್ರಿಂಗಿನ ಬಿಗಿ ತಂತಿಯ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ, ಅಂದರೆ ತಂತಿ ಹತ್ತು ಶೇಕಡಾ ದಪ್ಪವಾದರೆ ಬಿಗಿ ಸುಮಾರು 46 ಶೇಕಡಾ ಹೆಚ್ಚು. ಪ್ರೈಮರ್ ಆರ್ಮಿನ ಟೋಪಿಗೆ ಹೀಗೆ ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಕೇಪು ಎಷ್ಟು ಆಳಕ್ಕೆ ಕೂತಿತೆಂಬುದು ಕೈಗೆ ತಿಳಿಯುವುದೇ ಇಲ್ಲ. ಕ್ಯಾಲಿಪರಿಗಿಂತ ಮೈಕ್ರೋಮೀಟರ್ ಬಳಸಿ.

ಹಳೆಯ ಕೇಪು ಬೀಳುವ ತಟ್ಟೆ, ಡಬ್ಬಿಯ ಮುಚ್ಚಳ ಇಂಥವನ್ನು ತ್ರೀಡಿ ಪ್ರಿಂಟ್ ಮಾಡಿಕೊಳ್ಳಬಹುದು. ಪಿಎಲ್‌ಎ ಎಂಬ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬೇಸಿಗೆಯ ಗ್ಯಾರೇಜಿಗೆ ಪಿಇಟಿಜಿ ಎಂಬುದು ಒಳ್ಳೆಯದು. ಭಾರ ಹೊರುವ ಯಾವುದನ್ನೂ ಪ್ಲಾಸ್ಟಿಕ್‌ನಲ್ಲಿ ಮಾಡಬೇಡಿ.

ಬಳಸಿದ ಮಾಲಿನ ಮಾರುಕಟ್ಟೆ

ಇಬೇ, ಗನ್‌ಬ್ರೋಕರ್ ಎಂಬ ಎರಡೂ ಹರಾಜು ಜಾಲತಾಣಗಳಲ್ಲಿ ಪ್ರೆಸ್, ಡೈ ಸಿಗುತ್ತವೆ. ಮಾರುವವರಿಗೆ ಅದರ ಬಗ್ಗೆ ಏನೂ ಗೊತ್ತಿರುವುದಿಲ್ಲ, ಹೆಚ್ಚಿನವು ಅಜ್ಜನ ಗ್ಯಾರೇಜಿನಿಂದ ಬಂದವು. ಆದ್ದರಿಂದ ಫೋಟೋ ಕೇಳಿ ಪಡೆಯುವ ಕೆಲಸ ನಿಮ್ಮದು. ರ‍್ಯಾಮಿನ ತುದಿ ಮೇಲಿನಿಂದ, ರ‍್ಯಾಮಿನ ಸೀಳು ಪಕ್ಕದಿಂದ, ಚೌಕಟ್ಟಿನ ಒಳಮೂಲೆಗಳು, ಬೆಂಚಿಗೆ ಬೋಲ್ಟ್ ಹಾಕುವ ಪಾದಗಳು, ಎರಕದ ಅಕ್ಷರಗಳು. ಪಾದ ಮುರಿದಿದ್ದರೆ ಯಾರೋ ತೆಳುಹಲಗೆಯ ಮೇಲೆ ಕೂರಿಸಿ ಜೋರು ಮಾಡಿದ್ದಾರೆ.

ಕೈಗೆ ಬಂದ ಮೇಲೆ ಬಿರುಕಿನ ಪರೀಕ್ಷೆಗೆ ಹಳೆಯ ವರ್ಕ್‌ಶಾಪಿನ ಉಪಾಯವೇ ಸಾಕು. ಚೌಕಟ್ಟನ್ನು ತೊಳೆದು ಒಣಗಿಸಿ, ಒಳಮೂಲೆಗಳಿಗೆ ಸೀಮೆಎಣ್ಣೆ ಹಚ್ಚಿ ಹದಿನೈದು ನಿಮಿಷ ಬಿಡಿ. ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ನಿಧಾನ ಹೊರಬಂದು ಸುಣ್ಣದ ಮೇಲೆ ಕೂದಲೆಳೆಯಂಥ ಕಪ್ಪುಗೆರೆ ಮೂಡುತ್ತದೆ. ಸಿ ಆಕಾರದ ಪ್ರೆಸ್‌ಗಳಲ್ಲಿ ಇದನ್ನು ತಪ್ಪದೆ ಮಾಡಿ, ಬಾಯಿ ತೆರೆದುಕೊಳ್ಳುವ ಒತ್ತಡವೆಲ್ಲ ಆ ಒಳಮೂಲೆಯ ಮೇಲೇ ಬೀಳುತ್ತದೆ. ಗೆರೆ ಕಂಡರೆ ಬೆಸುಗೆಗೆ ಒಯ್ಯಬೇಡಿ. ಬೆಸೆದ ಎರಕ ತಣಿಯುವಾಗ ಎಳೆದುಕೊಳ್ಳುತ್ತದೆ, ರ‍್ಯಾಮೂ ಡೈಯೂ ಒಂದೇ ಗೆರೆಯಲ್ಲಿ ಉಳಿಯುವುದಿಲ್ಲ. ಆ ಚೌಕಟ್ಟನ್ನು ಬಿಟ್ಟು ಉಳಿದ ಭಾಗಗಳನ್ನು ತೆಗೆದಿಟ್ಟುಕೊಳ್ಳಿ.

ಪಿನ್ನಿನ ತೂತು ಅಂಡಾಕಾರಕ್ಕೆ ಸವೆದಿದ್ದರೆ ಮಾತ್ರ ಮೆಷಿನ್ ಶಾಪಿಗೆ ಹೋಗಿ. ತೂತನ್ನು ಮುಂದಿನ ಅಳತೆಗೆ ರೀಮ್ ಮಾಡಿ (ಕೊರೆದು ಹಿಗ್ಗಿಸಿ), ಗಟ್ಟಿ ಮಾಡಿದ ಡವೆಲ್ ಪಿನ್ ಹಾಕಿಸಿದರೆ ಮುಗಿಯಿತು. ಎರಡೂ ಕಡೆಯ ತೂತನ್ನು ಒಂದೇ ಹಿಡಿತದಲ್ಲಿ ರೀಮ್ ಮಾಡಲು ಹೇಳಿ, ಬೇರೆಬೇರೆಯಾಗಿ ಮಾಡಿದರೆ ಪಿನ್ ಓರೆಯಾಗಿ ರ‍್ಯಾಮ್ ಒಂದು ಬದಿಗೆ ಉಜ್ಜುತ್ತದೆ.

ಅಂಚೆಯಲ್ಲಿ ತರಿಸುವಾಗ ಹಿಡಿ, ರ‍್ಯಾಮ್ ಎರಡನ್ನೂ ಬಿಚ್ಚಿ ಬೇರೆ ಸುತ್ತಲು ಹೇಳಿ. ಹಿಡಿ ಹಾಗೇ ಇದ್ದರೆ ಪೆಟ್ಟಿಗೆ ಬಿದ್ದಾಗ ಅದೇ ಸನ್ನೆಗೋಲಾಗಿ ಎರಕವನ್ನು ಮುರಿಯುತ್ತದೆ. ಅಮೆರಿಕದ ಅಂಚೆಯ ಫ್ಲಾಟ್ ರೇಟ್ ಪೆಟ್ಟಿಗೆ 70 ಪೌಂಡ್‌ವರೆಗೆ ಒಂದೇ ದರ, ಕಬ್ಬಿಣ ಕಳಿಸುವವರಿಗೆ ವರ.

ಊರಿಗೆ ಬರುವಾಗ ತರಬೇಡಿ

ಭಾರತದ 1959ರ ಆಯುಧ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ಮದ್ದುಗುಂಡು ಎಂಬುದರ ವ್ಯಾಖ್ಯೆಯೊಳಗೆ ಅದನ್ನು ತಯಾರಿಸುವ ಯಂತ್ರಸಾಮಗ್ರಿಯೂ ಸೇರಿದೆ. ತಯಾರಿಕೆಗೆ 5ನೇ ಸೆಕ್ಷನ್, ಆಮದಿಗೆ 10ನೇ ಸೆಕ್ಷನ್ ಪ್ರಕಾರ ಪರವಾನಗಿ ಬೇಕು. ಬರೀ ಕಬ್ಬಿಣದ ಉಪಕರಣ ತಾನೇ ಎಂದು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವುದು ದೊಡ್ಡ ತೊಂದರೆಗೆ ದಾರಿ. ಕೊಡವರಿಗೂ ಕೊಡಗಿನ ಜಮ್ಮಾ (ಆನುವಂಶಿಕ ಭೂಮಿ) ಹಿಡುವಳಿದಾರರಿಗೂ ಇರುವ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ತೋಟಾ ತಯಾರಿಸುವುದಕ್ಕೆ ಅದು ಅನ್ವಯಿಸುವುದಿಲ್ಲ.

ಭಾಗಗಳೆಲ್ಲ ಬಂದು ಜೋಡಿಸಿದ ಮೇಲೆ

ಮೊದಲ ದಿನ ಕೇಪನ್ನೂ ಮದ್ದನ್ನೂ ಹತ್ತಿರ ತರಬೇಡಿ. ಪಿನ್‌ಗಳಿಗೆ ಎಣ್ಣೆ, ರ‍್ಯಾಮಿಗೆ ತೆಳುವಾಗಿ ಗ್ರೀಸ್ ಹಚ್ಚಿ. ಡೈ ಇಲ್ಲದೆ ಐವತ್ತು ಸಲ ಹಿಡಿ ಎಳೆಯಿರಿ, ಇ-ಕ್ಲಿಪ್‌ಗಳು ತಮ್ಮ ತೋಡಿನಲ್ಲೇ ಇವೆಯೇ ನೋಡಿ. ಆಮೇಲೆ ಲೂಬ್ರಿಕೆಂಟ್ ಹಚ್ಚಿದ ಖಾಲಿ ಕೇಸುಗಳನ್ನು ಸೈಜಿಂಗ್ ಡೈಯಲ್ಲಿ ಹಾಕಿ, ಇಪ್ಪತ್ತು ಸಾಕು. ಪ್ರತಿ ಕೇಸೂ ಹೋಲ್ಡರಿನಿಂದ ಬೆರಳಿನಲ್ಲೇ ಹೊರಬರಬೇಕು. ಕೇಸಿನ ಅಂಚು ಒಂದೇ ಬದಿಯಲ್ಲಿ ಬಾಗಿದ್ದರೆ ಹೋಲ್ಡರ್ ಪೂರ್ತಿ ಒಳಗೆ ಕೂತಿಲ್ಲ, ತಂತಿಯ ಸ್ಪ್ರಿಂಗನ್ನು ತೆಗೆದು ತೋಡಿನೊಳಗೆ ಸಿಕ್ಕ ಬಣ್ಣದ ಚೂರನ್ನು ಕೆರೆಯಿರಿ. ಕೊನೆಗೆ, ಹಾರಿದ ಹಳೆಯ ಕೇಪೊಂದನ್ನು ಟೋಪಿಯೊಳಗೆ ಇಟ್ಟು, ತೋಳನ್ನು ರ‍್ಯಾಮಿನೊಳಗೆ ತಳ್ಳಿ, ಕೇಪು ತೆಗೆದ ಕೇಸನ್ನು ಅದರ ಮೇಲೆ ನಿಧಾನ ಇಳಿಸಿ ನಿಲ್ಲಿಸಿ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿದಾಗ ಕೇಪು ಗುಳಿಯ ನಟ್ಟನಡುವೆ ಕಂಡರೆ ಬೆಂಚಿನ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಮಾಡಿ.